ಇನ್ವರ್ಟರ್ ಜಹನಾರಾ

ಹಲಸೂರು ಕೆರೆಯ ಹಿಂಬದಿಯ ಗಲ್ಲಿಯೊಂದರಲ್ಲಿ ಜಹನಾರಾಳ ತಗಡಿನ ಶೆಡ್ಡು ಇದೆ. ಅಂಗಡಿ ತೆರೆದವರೆಲ್ಲ ತಾವು ಏನು ಮಾಡುತ್ತೇವೆಂದು ಬೋರ್ಡು ಬರೆಸುತ್ತಾರೆ. ಇವಳು ಬರೆಸಿದ್ದು ಏನು ಮಾಡುವುದಿಲ್ಲ ಎಂಬುದನ್ನು: "ಮನೆಯ ಯುಪಿಎಸ್ ರಿಪೇರಿ ಇಲ್ಲ." ಅದನ್ನೇ ಕೆಳಗೆ ಉರ್ದುವಿನಲ್ಲಿ, ಅದರ ಕೆಳಗೆ ತಮಿಳಿನಲ್ಲಿ ಬರೆಸಿದ್ದಳು. ಆದರೂ ವಾರಕ್ಕೆ ಇಬ್ಬರಾದರೂ ಮನೆಯ ಯುಪಿಎಸ್ ಹೊತ್ತುಕೊಂಡು ಬಂದು, ಸರಿಯಾಗಿ ಆ ಬೋರ್ಡಿನ ಕೆಳಗೇ ಅದನ್ನು ಇಳಿಸಿ, "ಇನ್ವರ್ಟರ್ ಜಹನಾರಾ ಅಂದ್ರೆ ನೀವೇನಾ?" ಎಂದು ಕೇಳುತ್ತಿದ್ದರು. ಅವಳು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದಳು. "ಓದೋಕ್ ಬರುತ್ತಾ?" ಎಂದು ಕೇಳಿ ಮತ್ತೆ ತಲೆ ತಗ್ಗಿಸುತ್ತಿದ್ದಳು.

ಅವಳ ಇನ್ವರ್ಟರ್ ಬೇರೆ. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಕಾರಿನ ಬಾನೆಟ್ ಎತ್ತಿದರೆ ಇಂಜಿನ್ನಿನ ಪಕ್ಕದಲ್ಲಿ ಬೆಳ್ಳಿ ಬಣ್ಣದ, ಹಾಸಿಗೆಯ ದಿಂಬಿನಷ್ಟು ದೊಡ್ಡ ಲೋಹದ ಡಬ್ಬವೊಂದು ಕಾಣುತ್ತದೆ. ಅದರಿಂದ ಬೆರಳು ದಪ್ಪದ ಕಿತ್ತಳೆ ಬಣ್ಣದ ಕೇಬಲ್‌ಗಳು ಹೊರಟಿರುತ್ತವೆ. ಆ ಡಬ್ಬವನ್ನು ಬಿಚ್ಚಿ, ಕೆಟ್ಟ ಭಾಗವನ್ನಷ್ಟೇ ಹುಡುಕಿ ತೆಗೆದು ಸರಿಮಾಡುವವರು ಬೆಂಗಳೂರಿನ ಪೂರ್ವದಲ್ಲಿ ಬೆರಳೆಣಿಕೆಯಷ್ಟು ಜನ. ಉಳಿದವರೆಲ್ಲ ಇಡೀ ಡಬ್ಬವನ್ನೇ ಬದಲಾಯಿಸುವವರು. ಅಂಥವರನ್ನು ಜಹನಾರಾ ಮೆಕ್ಯಾನಿಕ್ ಎಂದು ಕರೆಯುತ್ತಿರಲಿಲ್ಲ. "ಕೂಲಿಗಳು" ಎನ್ನುತ್ತಿದ್ದಳು. "ಒಂದ್ ಪೆಟ್ಟಿಗೆ ಇಳಿಸ್ತಾರೆ, ಇನ್ನೊಂದ್ ಪೆಟ್ಟಿಗೆ ಏರಿಸ್ತಾರೆ. ಸ್ಟೇಷನ್ನಲ್ಲಿ ಕೆಂಪು ಅಂಗಿ ಹಾಕ್ಕೊಂಡು ಅದನ್ನೇ ಮಾಡೋರು ಇವರಿಗಿಂತ ಮರ್ಯಾದಸ್ಥರು."

ಈ ತಾತ್ಸಾರ ಅವಳಿಗೆ ಅಪ್ಪನಿಂದ ಬಂದದ್ದಲ್ಲ. ಅಪ್ಪ ಖಾದರ್ ಮೆದು ಮನುಷ್ಯ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ, ಮಂಡಿಯೂರಿ ಕೂತರೆ ಬೆನ್ನಿಗೆ ಗೋಡೆ ತಾಗುವಷ್ಟು ಜಾಗದಲ್ಲಿ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಹಿಟ್ಟಿನ ಗಿರಣಿಯ ಮೋಟಾರು, ಮಟನ್ ಅಂಗಡಿಯ ಫ್ಯಾನು, ಮಸೀದಿಯ ನೀರಿನ ಪಂಪು, ಎಲ್ಲ ಅವನಲ್ಲಿಗೇ ಬರುತ್ತಿದ್ದವು. ನಲವತ್ತೈದಕ್ಕೇ ಅವನ ಕಣ್ಣು ಮಂಜಾಯಿತು. ಆಗ ಎರಡನೆಯ ಮಗಳು ಜಹನಾರಾ ಶಾಲೆಯಿಂದ ಬಂದು ಪಕ್ಕದಲ್ಲಿ ಕೂತು ಸುತ್ತು ಎಣಿಸತೊಡಗಿದಳು. ಹದಿನಾಲ್ಕು ತುಂಬುವಷ್ಟರಲ್ಲಿ ತಂತಿಯನ್ನು ಬೆರಳಲ್ಲಿ ಹೊಸಕಿದರೆ ಸಾಕು, ಅದರ ಗೇಜು, ಅಂದರೆ ದಪ್ಪ, ಎಷ್ಟೆಂದು ಹೇಳುತ್ತಿದ್ದಳು. ಅಮ್ಮ ನೂರುನ್ನೀಸಾ, "ವಾರ್ನಿಷ್ ಹತ್ತಿದ ಕೈಗೆ ಮೆಹಂದಿ ಯಾರ್ ಹಚ್ತಾರೆ?" ಎಂದು ಗೋಳಾಡಿದಳು. ಮೆಹಂದಿಯೇನೋ ಹತ್ತಿತು. ಗಂಡ ಕಾರ್ಪೆಟ್ ವ್ಯಾಪಾರಿ. ಆರು ವರ್ಷ ಜೊತೆಯಲ್ಲಿದ್ದು, ದುಬೈಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ. ಜಹನಾರಾ ಒಂದು ದಿನವೂ ಅಳಲಿಲ್ಲ. "ಮನೇಲಿ ಫ್ಯೂಸ್ ಹಾಕೋಕೆ ಬರ್ತಿರ್ಲಿಲ್ಲ ಅವನಿಗೆ," ಎಂದು ಹೇಳಿ ಆ ಅಧ್ಯಾಯ ಮುಗಿಸಿದಳು.

ಆಮೇಲೆ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ. ಅಲ್ಲಿ ಲಿಫ್ಟು, ಯಂತ್ರ, ಕೊನೆಕೊನೆಗೆ ಕಾರುಗಳ ಮೋಟಾರು ಓಡಿಸುವ ಸರ್ಕ್ಯೂಟುಗಳು ತಯಾರಾಗುತ್ತಿದ್ದವು. ಪರೀಕ್ಷೆಯಲ್ಲಿ ಫೇಲಾದ ಬೋರ್ಡುಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಎಲ್ಲಿ ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಹುಡುಕಿ ಚೀಟಿ ಬರೆಯುವುದು ಅವಳ ಕೆಲಸ. ಆ ಚೀಟಿಯನ್ನು ಚಂದದ ಇಂಗ್ಲಿಷಿಗೆ ಇಳಿಸಿ ತನ್ನ ಹೆಸರು ಹಾಕುವುದು ಹೊಸ ಇಂಜಿನಿಯರನ ಕೆಲಸ. ಹೀಗೆ ಅವಳ ಚೀಟಿಯೊಂದರ ಮೇಲೇರಿ ಒಬ್ಬ ಜರ್ಮನಿಗೇ ಹೋಗಿ ಬಂದ. ಬಂದವನು ಅವಳಿಗೊಂದು ಚಾಕಲೇಟು ಕೊಟ್ಟ. ಅವಳು ಅದನ್ನು ಅವನ ಕಣ್ಣೆದುರೇ ಕಸ ಗುಡಿಸುವಾಕೆಯ ಮಗುವಿಗೆ ಕೊಟ್ಟಳು. ಕಂಪನಿ ಹೊಸೂರಿನಾಚೆಗೆ ಹೋದಾಗ, ಜೊತೆಗೆ ಬರುವವರು ಕೈ ಎತ್ತಿ ಎಂದರು. ಜಹನಾರಾ ಎತ್ತಲಿಲ್ಲ. ಗುಜರಿ ಕಾರುಗಳ ಇನ್ವರ್ಟರ್‌ಗಳನ್ನು ಒಂದೊಂದಾಗಿ ತಂದು ಬಿಚ್ಚಿ, ಕಲಿತು, ಹಲಸೂರಿನಲ್ಲಿ ಶೆಡ್ಡು ಹಿಡಿದಳು. ಈಗ ಅವಳಿಗೆ ಐವತ್ತೊಂದು. ಶಿವಾಜಿನಗರದ ಹಳೆಯ ಮನೆಯಲ್ಲಿ ತಂಗಿ ಹಮೀದಾಳ ಜೊತೆ ಇರುತ್ತಾಳೆ.

"ಆಪಾ, ದುನಿಯಾದಲ್ಲಿ ಒಬ್ರಾದ್ರೂ ನಿಂಗೆ ಸರಿ ಅನ್ಸಿದಾರಾ?" ಎಂದು ಹಮೀದಾ ಒಮ್ಮೆ ಕೇಳಿದ್ದಳು.

"ಹುಡುಕ್ತಾ ಇದೀನಿ," ಎಂದಿದ್ದಳು ಜಹನಾರಾ.

ಆ ವರ್ಷ ಮಾರ್ಚಿನಲ್ಲಿ ಇಂದಿರಾನಗರದ ಪ್ರಿಯದರ್ಶಿನಿ ಎಂಬ ದಂತವೈದ್ಯೆ ತನ್ನ ಎಂಟು ವರ್ಷದ ಹೈಬ್ರಿಡ್ ಕಾರನ್ನು ಎಳೆಸಿಕೊಂಡು ಬಂದಳು. ಕೆ.ಆರ್. ಪುರದ ತೂಗುಸೇತುವೆ ಇಳಿಯುವಾಗ ಕಾರು ಸಟ್ಟನೆ ಬಲ ಕಳೆದುಕೊಂಡು, ಕೆಂಪು ತ್ರಿಕೋನ ತೋರಿಸಿ ನಿಂತಿತ್ತಂತೆ. ಅದಕ್ಕೆ ಮುಂಚೆ ಜನವರಿಯಲ್ಲೂ ಹಾಗೆಯೇ ಆಗಿತ್ತು. ಆಗ ಅವಳು ಹೋದದ್ದು ಇಂದಿರಾನಗರದ ಸೂರ್ಯನ ಬಳಿಗೆ.

ಸೂರ್ಯನನ್ನು ಯಾರು ಅರಿಯರು? ಗಾಜಿನ ಬಾಗಿಲಿನ ವರ್ಕ್‌ಶಾಪು, ಒಳಗೆ ಕುಂಡದಲ್ಲಿ ಬಿದಿರು, ಬಂದವರಿಗೆ ಗ್ರೀನ್ ಟೀ. ಕಾರಿನ ಬಗ್ಗೆ ವಿಡಿಯೊ ಮಾಡಿ ಹಾಕುತ್ತಾನೆ, ಎರಡು ಲಕ್ಷ ಜನ ನೋಡುತ್ತಾರೆ. ಅವನು ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಹುಬ್ಬು ಗಂಟಿಕ್ಕಿ, ಬ್ಯಾಟರಿ ಸತ್ತಿದೆ ಎಂದಿದ್ದ. ಹಿಂದಿನ ಸೀಟಿನ ಕೆಳಗಿದ್ದ ದೊಡ್ಡ ಬ್ಯಾಟರಿಯನ್ನು ಪೂರ್ತಿ ತೆಗೆದು ಹೊಸದು ಕೂರಿಸಿದ್ದ. ಆರು ವಾರಕ್ಕೆ ಕಾರು ಮತ್ತೆ ನಿಂತಿತ್ತು.

"ಡಾಕ್ಟ್ರೇ," ಎಂದಳು ಜಹನಾರಾ, "ಹಲ್ಲುನೋವು ಅಂತ ಬಂದೋರ್ಗೆ ನೀವು ದವಡೆ ಬದಲಾಯಿಸ್ತೀರಾ?"

ಪ್ರಿಯದರ್ಶಿನಿಗೆ ನಗು ಬರಲಿಲ್ಲ. "ನಂಗೆ ಅರ್ಥ ಆಗೋ ಹಾಗೆ ಹೇಳಿ. ಹೈಬ್ರಿಡ್ ಅಂದ್ಮೇಲೆ ಬ್ಯಾಟರಿನೇ ಮುಖ್ಯ ಅಲ್ವಾ?"

ಜಹನಾರಾ ಕೈಯಲ್ಲಿದ್ದ ಸ್ಪ್ಯಾನರಿನಿಂದ ಬೆಳ್ಳಿ ಡಬ್ಬವನ್ನು ತಟ್ಟಿದಳು. "ಬ್ಯಾಟರಿ ಅಂದ್ರೆ ಗೋಡೌನು, ಅಷ್ಟೇ. ಅದ್ರಲ್ಲಿರೋದು ಇನ್ನೂರು ವೋಲ್ಟು. ಮೋಟಾರ್ಗೆ ಜೋರಾಗಿ ಎಳೀಬೇಕು ಅಂದ್ರೆ ಐನೂರು ಆರ್ನೂರು ಬೇಕು. ಇನ್ನೂರನ್ನ ಆರ್ನೂರಕ್ಕೆ ಏರ್ಸೋರು ಯಾರು? ಈ ಡಬ್ಬ. ಬ್ಯಾಟರಿಯಿಂದ ಬರೋ ಕರೆಂಟು ನೆಟ್ಟಗೆ ಒಂದೇ ಕಡೆ ಹರಿಯುತ್ತೆ, ಅದರಲ್ಲಿ ಆ ಮೋಟಾರು ತಿರುಗಲ್ಲ. ಮೂರು ತಂತೀಲಿ ಒಂದರ ಹಿಂದೆ ಒಂದು ಅಲೆ ಥರ ಏಳ್ಬೇಕು, ಬೀಳ್ಬೇಕು. ಆ ಅಲೆ ಮಾಡೋದೂ ಈ ಡಬ್ಬ. ಇದ್ರೊಳಗೆ ಉಗುರಿನಷ್ಟಗಲದ ಸ್ವಿಚ್‌ಗಳಿವೆ. ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸ್ತವೆ."

"ಅಷ್ಟು ಬೇಗಾನಾ?"

"ಇನ್ನೂ ಮುಗಿದಿಲ್ಲ ಕೇಳಿ. ನೀವು ಬ್ರೇಕ್ ಒತ್ತಿದಾಗ ಅದೇ ಮೋಟಾರು ಡೈನಮೋ ಆಗುತ್ತೆ. ಚಕ್ರದ ಜೋರು ಕರೆಂಟಾಗಿ ವಾಪಸ್ ಬರುತ್ತೆ. ಆ ಅಲೆಯನ್ನ ಮತ್ತೆ ನೆಟ್ಟಗೆ ಮಾಡಿ, ಆರ್ನೂರನ್ನ ಇನ್ನೂರಕ್ಕೆ ಇಳಿಸಿ, ಗೋಡೌನ್ಗೆ ತುಂಬೋದೂ ಇದೇ. ನಿಮ್ಮ ಲೈಟು, ಹಾರ್ನು, ಹಾಡು, ಅದಕ್ಕೆಲ್ಲ ಹದಿನಾಲ್ಕು ವೋಲ್ಟು ಮಾಡ್ಕೊಡೋದೂ ಇದೇ. ಕಾರಲ್ಲಿ ಯಾವ ಶಕ್ತಿ ಎಲ್ಲಿಂದೆಲ್ಲಿಗೆ ಹೋದ್ರೂ ಈ ಬಾಗಿಲು ದಾಟ್ಲೇಬೇಕು."

"ಹಾಗಿದ್ಮೇಲೆ ಅವ್ರು ಬ್ಯಾಟರಿ ಯಾಕೆ ಬದಲಾಯಿಸಿದ್ರು?"

"ಅದರ ಹೆಸರು ಗೊತ್ತಿತ್ತು, ಅದಕ್ಕೆ."

ಎರಡು ದಿನದಲ್ಲಿ ಜಹನಾರಾ ಕಾರಿನ ಕಾಯಿಲೆ ಪತ್ತೆಹಚ್ಚಿದಳು. ಮೋಟಾರಿಗೆ ಅಲೆ ಕಳಿಸುವ ಸ್ವಿಚ್ಚುಗಳಲ್ಲಿ ಒಂದು, ಕೆಳಗಿನ ಬೆಸುಗೆ ಬಿರಿದು, ಸುಟ್ಟು ಕಪ್ಪಾಗಿತ್ತು. ಅತಿ ಬಿಸಿಯಾದಾಗ ಹೀಗಾಗುತ್ತದೆ. ಬಿಸಿ ಏಕಾಯಿತು ಎಂಬುದಕ್ಕೂ ಅವಳ ಬಳಿ ಉತ್ತರವಿತ್ತು. ಎಂಟು ವರ್ಷದ ಕಾರು, ದಿನವೂ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ತೆವಳುವ ಬಾಳು. ವಯಸ್ಸಾಗಿದೆ, ಬಿರಿದಿದೆ. ಗುಜರಿ ಇನ್ವರ್ಟರಿನಿಂದ ಆ ಸ್ವಿಚ್ಚುಗಳೆಲ್ಲ ಕೂಡಿದ ಒಳ್ಳೆಯ ಮಾಡ್ಯೂಲ್ ಒಂದನ್ನು ತೆಗೆದು ಹಾಕಿದಳು. ಡಬ್ಬವನ್ನು ಮುಚ್ಚಿ, ಕಾರಿಗೆ ಕೂರಿಸಿ, ಹುಸೇನಪ್ಪನಿಗೆ ಫೋನು ಮಾಡಿದಳು.

ಹುಸೇನಪ್ಪ ನೀರಿನವನು. ಇನ್ವರ್ಟರ್ ಕಾಯದಂತೆ, ಸಣ್ಣ ಪಂಪೊಂದು ತಳ್ಳುವ ಗುಲಾಬಿ ಬಣ್ಣದ ತಂಪುನೀರು ಅದರ ತಳದಲ್ಲಿ ಹರಿಯುತ್ತಿರಬೇಕು. ಡಬ್ಬ ಬಿಚ್ಚಿದಾಗಲೆಲ್ಲ ಆ ನೀರನ್ನು ತೆಗೆದು ಮತ್ತೆ ತುಂಬಿ, ಗಾಳಿಗುಳ್ಳೆ ಬಿಡಿಸಬೇಕು. ಈ ಕೆಲಸಕ್ಕೆ ಅವನು ಕಗ್ಗದಾಸಪುರದಿಂದ ಎರಡು ಕ್ಯಾನು ನೇತುಹಾಕಿಕೊಂಡು ಮೊಪೆಡ್ಡಿನಲ್ಲಿ ಬರುತ್ತಿದ್ದ. ಊರು ಯಾದಗಿರಿ ಕಡೆಯ ಶಹಾಪುರ. ಅಲ್ಲಿ ಬೋರ್‌ವೆಲ್ಲಿಗೆ ಪಂಪು ಇಳಿಸುತ್ತಿದ್ದವನು. ಈಗ ಹೆಂಡತಿ ಸುಭದ್ರಮ್ಮನ ಜೊತೆ ಒಂದು ಕೋಣೆಯ ಬಾಡಿಗೆ ಮನೆ. ನಲವತ್ತರ ಆಸುಪಾಸು, ಮಾತು ಕಡಿಮೆ. ಜಹನಾರಾ ಅವನ ಹೆಸರು ಹಿಡಿದು ಕರೆದದ್ದೇ ಅಪರೂಪ. "ನೀರಪ್ಪಾ, ಬಾ ಇಲ್ಲಿ," ಎನ್ನುತ್ತಿದ್ದಳು.

ನೀರು ತುಂಬಿ ಆಯಿತು. ಕಾರು ಚಾಲೂ ಮಾಡಿದಳು. ಇಂಜಿನ್ ಸದ್ದಿಲ್ಲ, ಮೋಟಾರಿನ ಸಣ್ಣ ಗುಂಯ್ ಮಾತ್ರ. ಎಚ್ಚರಿಕೆಯ ದೀಪವಿಲ್ಲ. ಅವಳು ಕೈ ಒರೆಸಿಕೊಳ್ಳುತ್ತಿರುವಾಗ ಹುಸೇನಪ್ಪ ತಂಪುನೀರು ತುಂಬುವ ಪಕ್ಕದ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಲೇ ನಿಂತಿದ್ದ.

"ಅಕ್ಕಾರ," ಎಂದ, "ಗಾಡಿ ಚಾಲೂ ಐತಿ. ಆದ್ರ ಈ ಡಬ್ಬ್ಯಾಗಿನ ನೀರ್ ಅಳ್ಳಾಡವಲ್ದು ನೋಡ್ರಿ. ಸುಳಿ ತಿರಗಬೇಕಿತ್ತು. ಪಂಪ್ ತಿರಗವಲ್ದು ಅನಸ್ತೈತಿ."

"ಪಂಪ್ಗೆ ಹನ್ನೆರಡು ವೋಲ್ಟು ಬರ್ತಿದೆ. ಕರೆಂಟ್ ಎಳೀತಾನೂ ಇದೆ. ಮೀಟರ್ ಇಟ್ಟು ನೋಡಿದೀನಿ."

"ಕರೆಂಟ್ ಬರ್ತಿರಬೇಕ್ರಿ. ನೀರ್ ಹೊಂಟಿಲ್ಲ."

"ನಿಂಗೆ ಮೀಟರ್ ಓದೋಕ್ ಬರುತ್ತಾ?"

"ಇಲ್ರಿ."

"ಹಂಗಾದ್ರೆ ಮುಚ್ಚಳ ಹಾಕು."

ಹುಸೇನಪ್ಪ ಮುಚ್ಚಳ ಹಾಕಿದ. ಕ್ಯಾನುಗಳನ್ನು ಮೊಪೆಡ್ಡಿಗೆ ಸಿಕ್ಕಿಸಿಕೊಂಡು ಹೋದ. ಕಾರನ್ನು ಒಯ್ಯಲು ಬಂದ ಪ್ರಿಯದರ್ಶಿನಿಗೆ ಜಹನಾರಾ, "ಇನ್ನು ಐದು ವರ್ಷ ಈ ಡಬ್ಬದ ಸುದ್ದಿಗೆ ಬರ್ಬೇಡಿ. ಬಂದ್ರೆ ನನ್ನ ಬೋರ್ಡು ಇಳಿಸ್ತೀನಿ," ಎಂದಳು. ಶೆಡ್ಡು ಹಿಡಿದಂದಿನಿಂದ ಅವಳು ಯಾರಿಗೂ ಹಾಗೆ ಮಾತು ಕೊಟ್ಟವಳಲ್ಲ. ಸೂರ್ಯನ ಮೇಲಿನ ತಾತ್ಸಾರ ಅವಳ ನಾಲಿಗೆಯಿಂದ ಅದನ್ನು ಆಡಿಸಿತ್ತು.

ಹತ್ತೊಂಬತ್ತನೆಯ ದಿನ ಕಾರು ಮತ್ತೆ ನಿಂತಿತು. ಏಪ್ರಿಲ್ ಬಿಸಿಲು. ಮಾರತ್ತಹಳ್ಳಿಯಿಂದ ಬರುವಾಗ ಮೊದಲು ಬಲ ಇಳಿಯಿತು. ಡಬ್ಬ ಕಾದಾಗ ಕಾರು ತನ್ನನ್ನು ತಾನೇ ಉಳಿಸಿಕೊಳ್ಳಲು ಮೋಟಾರಿಗೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಪ್ರಿಯದರ್ಶಿನಿಗೆ ಅದು ತಿಳಿಯದು. ಇನ್ನಷ್ಟು ಒತ್ತಿದಳು. ಟಿನ್ ಫ್ಯಾಕ್ಟರಿಯ ಬಳಿ ಟಪ್ ಎಂದಿತು. ಮಧ್ಯಾಹ್ನ ಹನ್ನೆರಡಕ್ಕೆ ಕಾರನ್ನು ಹೊತ್ತ ಲಾರಿ ಹಲಸೂರಿನ ಗಲ್ಲಿಗೆ ಬಂತು. ಹಿಂದೆಯೇ ಇನ್ನೊಂದು ಕಾರಿನಲ್ಲಿ ಸೂರ್ಯ. ಸಿಟ್ಟಿನಲ್ಲಿ ಪ್ರಿಯದರ್ಶಿನಿಯೇ ಅವನಿಗೆ ಫೋನು ಮಾಡಿದ್ದಳು. ನಿಮ್ಮಿಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎಂದು ಇವತ್ತು ನನ್ನ ಮುಂದೆಯೇ ತೀರ್ಮಾನವಾಗಲಿ ಎಂಬುದು ಅವಳ ಹಟ.

ಸೂರ್ಯ ಬಿಳಿ ಶರ್ಟು ತೊಟ್ಟಿದ್ದ. ಕೋಲಿನ ತುದಿಗೆ ಫೋನು ಸಿಕ್ಕಿಸಿ, ತನ್ನ ಮುಖ ಸರಿಯಾಗಿ ಬೀಳುವಂತೆ ಹಿಡಿದುಕೊಂಡ. "ಹಾಯ್ ಫ್ರೆಂಡ್ಸ್, ಲೋಕಲ್ ರಿಪೇರಿ ಮಾಡಿಸಿದ್ರೆ ಏನಾಗುತ್ತೆ ಅಂತ ಇವತ್ತು ಕಣ್ಣಾರೆ ನೋಡೋಣ."

ಗಲ್ಲಿಯ ಜನ ನೆರೆದರು. ಜಹನಾರಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಾರು ನಿಂತದ್ದು ನಿಜ, ಮಾತು ಕೊಟ್ಟದ್ದೂ ನಿಜ. ಆದರೂ ಅವನ ಕೈಚಳಕ ನೋಡುತ್ತ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಅವನು ಹಿಂದೆ ಹೋಗಿ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ. ಅದನ್ನು ಫೋನಿಗೆ ತೋರಿಸಿ, "ಸೇಫ್ಟಿ ಫಸ್ಟ್," ಎಂದ. ಮುಂದೆ ಬಂದು ಎಲೆಕ್ಟ್ರಿಕ್ ಗನ್ನಿನಿಂದ ಬೆಳ್ಳಿ ಡಬ್ಬದ ಬೋಲ್ಟುಗಳನ್ನು ಗರಗರನೆ ಬಿಚ್ಚಿದ. ಕಿತ್ತಳೆ ಗ್ಲೌಸು ಅವನ ಹಿಂದಿನ ಜೇಬಿನಲ್ಲಿತ್ತು, ಅಲಂಕಾರಕ್ಕೆ. ಒಂದು ಕೈಯಲ್ಲಿ ಕೋಲು ಇದ್ದುದರಿಂದ ಹಾಕಿಕೊಳ್ಳುವಂತೆಯೂ ಇರಲಿಲ್ಲ.

"ಕೈ ಹಾಕ್ಬೇಡ," ಎಂದಳು ಜಹನಾರಾ. "ಅಳೆದು ನೋಡು ಮೊದ್ಲು."

"ಪ್ಲಗ್ ಕಿತ್ತಿದೀನಲ್ಲ ಆಂಟಿ. ಪವರ್ ಎಲ್ಲಿಂದ ಬರುತ್ತೆ?"

"ಬರೋದು ಬೇಡ. ಒಳಗೇ ಕೂತಿದೆ."

ಅವನು ಫೋನಿನತ್ತ ಕಣ್ಣು ಹೊಡೆದು, ಬರಿ ಬೆರಳನ್ನು ಒಳಗಿನ ತಾಮ್ರದ ಪಟ್ಟಿಯತ್ತ ಚಾಚಿದ. ಎರಡೇ ಹೆಜ್ಜೆಯಲ್ಲಿ ಬಂದ ಜಹನಾರಾ ಅವನ ಕಾಲರಿಗೆ ಕೈ ಹಾಕಿ, ಸಂತೆಯಲ್ಲಿ ಮೇಕೆಯನ್ನು ಎಳೆಯುವ ಹಾಗೆ ಹಿಂದಕ್ಕೆಳೆದಳು. ಅವನು ಹಿಮ್ಮಡಿ ಜಾರಿ ಕೂತೇಬಿಟ್ಟ. ಕೋಲು ಒಂದು ಕಡೆ, ಫೋನು ಒಂದು ಕಡೆ.

"ಏನ್ ಮೇಡಂ ಇದು! ಹುಚ್ಚಾ ನಿಮ್ಗೆ?"

ಅವಳು ಡ್ರಾಯರಿನಿಂದ ದಪ್ಪ ರಬ್ಬರ್ ಗ್ಲೌಸು ತೆಗೆದು ಹಾಕಿಕೊಂಡು, ಮೀಟರಿನ ಎರಡು ಕಡ್ಡಿಗಳನ್ನು ತಾಮ್ರದ ಪಟ್ಟಿಗಳಿಗೆ ಇಟ್ಟಳು. ಮೀಟರನ್ನು ಎಲ್ಲರಿಗೂ, ನೆಲದಲ್ಲಿ ಬಿದ್ದು ಇನ್ನೂ ಚಿತ್ರ ಹಿಡಿಯುತ್ತಿದ್ದ ಫೋನಿಗೂ, ಕಾಣುವಂತೆ ತಿರುಗಿಸಿದಳು. ಮುನ್ನೂರ ಹದಿನೆಂಟು ವೋಲ್ಟು.

ಡಬ್ಬದೊಳಗೆ ಇಟ್ಟಿಗೆ ಗಾತ್ರದ ಕೆಪಾಸಿಟರ್ ಇರುತ್ತದೆ. ಬ್ಯಾಟರಿಗೂ ಸ್ವಿಚ್ಚುಗಳಿಗೂ ನಡುವೆ ಕರೆಂಟಿನ ಏರಿಳಿತವನ್ನು ನುಂಗಿಕೊಂಡು ಕೂರುವ ತೊಟ್ಟಿ ಅದು. ಪ್ಲಗ್ ಕಿತ್ತರೂ ಆ ತೊಟ್ಟಿ ಖಾಲಿಯಾಗುವುದಿಲ್ಲ. ಅದನ್ನು ಮೆಲ್ಲಗೆ ಬರಿದುಮಾಡಲೆಂದೇ ಒಂದು ರೆಸಿಸ್ಟರ್ ಇರುತ್ತದೆ, ಹತ್ತು ನಿಮಿಷ ಬೇಕು. ಜಹನಾರಾ ಗಡಿಯಾರ ನೋಡುತ್ತ ಕಾದಳು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಹತ್ತು ನಿಮಿಷದ ಮೇಲೆ ಅಳೆದರೆ ಮುನ್ನೂರ ಹನ್ನೊಂದು. ಆ ರೆಸಿಸ್ಟರೂ ಸುಟ್ಟಿತ್ತು. ಕಾದು ಕೈ ಹಾಕಿದ್ದರೂ ಸಾವೇ ಆಗಿತ್ತು.

ಅವಳು ಹಳೆಯ ಗಾಜಿನ ಬಲ್ಬು ಎರಡನ್ನು ಒಂದರ ಹಿಂದೆ ಒಂದು ಜೋಡಿಸಿ, ವೈರಿನ ತುದಿಗಳನ್ನು ಆ ಪಟ್ಟಿಗಳಿಗೆ ಮುಟ್ಟಿಸಿದಳು. ನಡುಹಗಲ ಬಿಸಿಲಲ್ಲೂ ಎರಡೂ ಬಲ್ಬು ಝಗ್ಗೆಂದು ಹೊತ್ತಿ, ಕೆಂಪಾಗಿ, ಆರಿದವು. ಮೀಟರು ಸೊನ್ನೆ ತೋರಿಸಿತು.

ಸೂರ್ಯನ ಬಿಳಿ ಶರ್ಟು ಬೆನ್ನಿಗಂಟಿತ್ತು. "ಥ್ಯಾಂಕ್ಸ್ ಮೇಡಂ," ಎಂದ ಸಣ್ಣ ದನಿಯಲ್ಲಿ.

"ಥ್ಯಾಂಕ್ಸ್ ನಕ್ಕೋ, ಬೇಡ," ಎಂದಳು ಅವಳು. "ಆ ಗ್ಲೌಸ್ ಇದೆಯಲ್ಲ ಜೇಬಲ್ಲಿ, ಅದನ್ನ ಯಾರಾದ್ರೂ ಕೈ ಇರೋರ್ಗೆ ಕೊಡು."

ಗಲ್ಲಿ ನಕ್ಕಿತು. ಜಹನಾರಾ ನಗಲಿಲ್ಲ. ಸೂರ್ಯ ಮೂರ್ಖನೆಂದು ಸಾಬೀತಾಗಿದ್ದರಿಂದ ಅವಳ ರಿಪೇರಿ ಸರಿಯಾಗುವುದಿಲ್ಲವಲ್ಲ. ಡಬ್ಬದ ಒಳಗೆ ಟಾರ್ಚು ಬಿಟ್ಟಳು. ತಾನು ಹಾಕಿದ ಮಾಡ್ಯೂಲು, ಅದೇ ಜಾಗದಲ್ಲಿ, ಅದೇ ಬಗೆಯಲ್ಲಿ ಕಪ್ಪಾಗಿತ್ತು. ಒಂದೇ ಜಾಗ ಎರಡು ಸಲ ಸುಟ್ಟಿದೆಯೆಂದರೆ ಅದು ವಯಸ್ಸಿನ ಕಾಯಿಲೆಯಲ್ಲ. ಡಬ್ಬದ ತಳವನ್ನು ಹಿಂಗೈಯಿಂದ ಮುಟ್ಟಿದಳು. ಕಾರು ನಿಂತು ಒಂದೂವರೆ ಗಂಟೆಯಾದರೂ ಅದು ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಪಕ್ಕದ ನೀರಿನ ಕೊಳವೆ ಮಾತ್ರ ತಣ್ಣಗಿತ್ತು.

ಅವಳಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ಆದರೂ ಫೋನು ತೆಗೆದು, "ಹುಸೇನಪ್ಪಾ, ಎಲ್ಲಿದೀಯ? ಬಾ," ಎಂದಳು.

ಅವನು ಬರುವವರೆಗೆ ಮುಕ್ಕಾಲು ಗಂಟೆ ಎಲ್ಲರೂ ಕಾದರು. ಬಂದವನು ನೆರೆದ ಜನವನ್ನು ಕಂಡು ಮೊಪೆಡ್ಡು ದೂರದಲ್ಲೇ ನಿಲ್ಲಿಸಿದ, ಏನೋ ತಪ್ಪು ಮಾಡಿದವನ ಹಾಗೆ.

"ಅವತ್ತು ಏನಂದೆ ನೀನು?" ಎಂದು ಕೇಳಿದಳು.

"ಏನಿಲ್ರಿ ಅಕ್ಕಾರ. ಸುಮ್ನ ಅಂದ್ನಿ."

"ಸುಮ್ನೆ ಅಂದಿದ್ದನ್ನ ಇನ್ನೊಂದ್ಸಲ ಅನ್ನು. ಜೋರಾಗಿ."

ಅವನು ಕಾರನ್ನು ನೋಡಿದ, ಡಾಕ್ಟರನ್ನು ನೋಡಿದ. "ನೀರ್ ತಿರಗವಲ್ದು ಅಂದಿದ್ನಿ."

ಪಂಪನ್ನು ಅವನೇ ಬಿಚ್ಚಿದ. ಕೈಯಗಲದ ಪಂಪು. ಜಹನಾರಾ ಅದಕ್ಕೆ ಹನ್ನೆರಡು ವೋಲ್ಟು ಕೊಟ್ಟಳು. ಒಳಗಿನ ಮೋಟಾರು ಗುಂಯ್ಗುಟ್ಟಿತು. ನೀರು ತಳ್ಳಬೇಕಾದ ರೆಕ್ಕೆಯ ಚಕ್ರ ಮಾತ್ರ ಅಚ್ಚಿನಿಂದ ಸಡಿಲಗೊಂಡು, ಅಲುಗಾಡದೆ ಇತ್ತು. ಕರೆಂಟು ಹೋಗುತ್ತಿತ್ತು, ಮೋಟಾರು ತಿರುಗುತ್ತಿತ್ತು, ಮೀಟರು ಎಲ್ಲ ಸರಿಯಿದೆ ಎನ್ನುತ್ತಿತ್ತು. ನೀರು ಮಾತ್ರ ಹೋಗುತ್ತಿರಲಿಲ್ಲ. ಬಹುಶಃ ಜನವರಿಯಿಂದಲೇ.

ಸೂರ್ಯ ನೆಲದಿಂದ ಹೆಕ್ಕಿಕೊಂಡ ಫೋನನ್ನು ಮತ್ತೆ ಎತ್ತಿ ಹಿಡಿದಿದ್ದ. ಜಹನಾರಾ ಅದನ್ನು ನೋಡಿದಳು, ಬೇಡ ಎನ್ನಲಿಲ್ಲ. ಪ್ರಿಯದರ್ಶಿನಿಯ ಕಡೆ ತಿರುಗಿದಳು.

"ಡಾಕ್ಟ್ರೇ, ಈ ತಪ್ಪು ನಂದು. ಇವನು ಬ್ಯಾಟರಿ ಹೆಸರು ಗೊತ್ತಿತ್ತು ಅಂತ ಬ್ಯಾಟರಿ ಬದಲಾಯಿಸ್ದ. ನಂಗೆ ಕರೆಂಟ್ ಗೊತ್ತಿತ್ತು ಅಂತ ಕರೆಂಟ್ ಮಾತ್ರ ನೋಡ್ದೆ. ನೀರು ನೋಡಿ ಹೇಳಿದವನು ಇವನೊಬ್ಬ. ಇವನಿಗೆ ಮುಚ್ಚಳ ಹಾಕು ಅಂದೆ. ಮಾತು ಕೊಟ್ಟಿದ್ದೆ, ತಪ್ಪಿದೀನಿ."

ಎಂದವಳೇ ಸ್ಟೂಲು ಎಳೆದು ಹತ್ತಿ, ಬಾಗಿಲ ಮೇಲಿನ ಬೋರ್ಡನ್ನು ಕಿತ್ತು ಗೋಡೆಗೆ ಮುಖ ಮಾಡಿ ಇಟ್ಟಳು. ಪ್ರಿಯದರ್ಶಿನಿ, "ಅಯ್ಯೋ, ಅದೆಲ್ಲ ಯಾಕೆ," ಎಂದರೂ ಕೇಳಲಿಲ್ಲ.

ಅಂದು ಸಂಜೆ ಮನೆಯಲ್ಲಿ ಹಮೀದಾ ಬಿರಿಯಾನಿ ಬಡಿಸಿದರೂ ಜಹನಾರಾ ಕೈ ಆಡಿಸುತ್ತ ಕೂತಳು. ನಡೆದದ್ದನ್ನು ಕೇಳಿ ಹಮೀದಾ, "ಒಬ್ಬನ ಜೀವ ಉಳಿಸಿದ್ಯಲ್ಲ ಆಪಾ, ಅದಕ್ಕಾದ್ರೂ ಖುಷಿಪಡು," ಎಂದಳು.

"ಆ ಜೀವ ಉಳಿದಿದ್ರಿಂದ ದುನಿಯಾಗೆ ಏನ್ ಲಾಭ ಅಂತ ನೋಡ್ಬೇಕು," ಎಂದಳು ಅಕ್ಕ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನನ್ ಮೇಜಿಗೆ ಬಂದ ಚೀಟಿ ಓದದೆ ಬಿಸಾಕ್ದೆ ಕಣೇ. ಹತ್ತೊಂಬತ್ತು ವರ್ಷ ಆ ಇಂಜಿನಿಯರ್‌ಗಳನ್ನ ಬೈದೆ. ಅವ್ರು ಓದಾದ್ರೂ ಓದ್ತಿದ್ರು," ಎಂದಳು. ಅವಳ ತಾತ್ಸಾರ ಇಷ್ಟು ವರ್ಷ ಹೊರಗಿನ ದಾರಿ ಮಾತ್ರ ಬಲ್ಲದ್ದು. ಅಂದು ಒಳಕ್ಕೆ ತಿರುಗಿ, ಸಿಕ್ಕಸಿಕ್ಕಲ್ಲಿ ಕಚ್ಚಿತು. ತನಗೆ ತಾನು ಕೊಟ್ಟುಕೊಂಡ ಹೆಸರುಗಳಲ್ಲಿ "ಕೂಲಿ" ಎಂಬುದೇ ಎಲ್ಲಕ್ಕಿಂತ ಮೃದುವಾದದ್ದು.

ಇನ್ನೊಂದು ಮಾಡ್ಯೂಲು, ಹೊಸ ಪಂಪು, ಹೊಸ ರೆಸಿಸ್ಟರು ಹಾಕಿ ನಾಲ್ಕು ದಿನದಲ್ಲಿ ಕಾರು ಸಿದ್ಧವಾಯಿತು. ಈ ಸಲ ಮುಚ್ಚಳ ತೆಗೆದು ಮೊದಲು ನೋಡಿದವನು ಹುಸೇನಪ್ಪ. ಡಬ್ಬಿಯೊಳಗೆ ಗುಲಾಬಿ ನೀರು ಕುದಿಯುವ ಹಾಗೆ ಸುಳಿಯೆದ್ದು ತಿರುಗುತ್ತಿತ್ತು. ಅವನು ತಲೆಯಾಡಿಸಿದ ಮೇಲೆಯೇ ಜಹನಾರಾ ಬಾನೆಟ್ ಮುಚ್ಚಿದ್ದು. ಅವನನ್ನು ಹೊಗಳುವುದು ಅವಳಿಂದಾಗಲಿಲ್ಲ. ಹೊಗಳಿಕೆಯ ಅಭ್ಯಾಸವೇ ಇರಲಿಲ್ಲ. "ನಾಳೆಯಿಂದ ಬೆಳಿಗ್ಗೆನೇ ಬಾ. ಮೀಟರ್ ಓದೋದ್ ಹೇಳ್ಕೊಡ್ತೀನಿ. ಕಲೀಲಿಲ್ಲ ಅಂದ್ರೆ ಒದೀತೀನಿ," ಎಂದಳು. ಅವನು, "ಕಲೀತೀನ್ರಿ. ನಿಮಗೂ ನೀರಿಂದು ಹೇಳ್ಕೊಡ್ತೀನ್ರಿ," ಎಂದ. ಅವನು ತಮಾಷೆ ಮಾಡಿದನೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಸೂರ್ಯನ ವಿಡಿಯೊ ಆ ವಾರವೇ ಬಂತು. ಕಾಲರ್ ಹಿಡಿದೆಳೆದದ್ದು ಇರಲಿಲ್ಲ. ನೆಲದ ಮೇಲೆ ಕೂತದ್ದು ಇರಲಿಲ್ಲ. ಮೀಟರಿನ ಮುನ್ನೂರ ಹದಿನೆಂಟು ಇತ್ತು, ಬಲ್ಬು ಉರಿದದ್ದಿತ್ತು, ಅದರ ಮೇಲೆ ಸೂರ್ಯನ ದನಿ: "ಪ್ಲಗ್ ಕಿತ್ತ ಮಾತ್ರಕ್ಕೆ ಸೇಫ್ ಅಲ್ಲ ಫ್ರೆಂಡ್ಸ್, ನಾನು ಯಾವಾಗ್ಲೂ ಹೇಳೋದು ಇದನ್ನೇ." ಅದನ್ನು ನಾಲ್ಕು ಲಕ್ಷ ಜನ ನೋಡಿದರು. ಗಲ್ಲಿಯ ಹುಡುಗರು ಕೆಂಡವಾದರು. ಜಹನಾರಾ ಪೂರ್ತಿ ನೋಡಿ, "ಹೇಳಿದ್ದು ಸರಿಯಾಗೇ ಹೇಳಿದಾನೆ. ಗಿಳಿಗೂ ಒಂದೊಂದ್ಸಲ ಸರಿಯಾದ ಮಾತು ಬರುತ್ತೆ," ಎಂದು ಫೋನು ಹಿಂದಿರುಗಿಸಿದಳು.

ಕಾರು ಒಯ್ಯಲು ಬಂದ ಪ್ರಿಯದರ್ಶಿನಿ, ಈ ಬಾರಿ ಬಾಯಿಮಾತು ನಂಬುವುದಿಲ್ಲ, ನೀವೇ ಕೂತು ಕೆ.ಆರ್. ಪುರದವರೆಗೆ ಬರಬೇಕು ಎಂದಳು. ಜಹನಾರಾ ಸೀಟಿನಲ್ಲಿ ಬಿಗಿಯಾಗಿ ಕೂತಳು. ಇಷ್ಟು ವರ್ಷ ಇಂಥ ಕಾರುಗಳ ಹೊಟ್ಟೆ ಬಗೆದವಳು, ಅದರಲ್ಲಿ ಕೂತು ಊರ ರಸ್ತೆಯಲ್ಲಿ ಹೋದದ್ದು ಅದೇ ಮೊದಲು. ಹಳೇ ಮದ್ರಾಸು ರಸ್ತೆಯಲ್ಲಿ ಕಾರು ಸದ್ದಿಲ್ಲದೆ ಜಾರಿತು. ಇಂಜಿನ್ ಯಾವಾಗ ಸೇರಿಕೊಂಡಿತು, ಯಾವಾಗ ಬಿಟ್ಟಿತು ಎಂದು ಡಾಕ್ಟರಿಗೆ ಗೊತ್ತಾಗುತ್ತಿರಲಿಲ್ಲ. ಜಹನಾರಾ ಪ್ರತಿ ಸಲವೂ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದಳು.

"ಇದನ್ನ ನೋಡಿದೀರಾ?" ಎಂದು ಪ್ರಿಯದರ್ಶಿನಿ ಪರದೆ ತೋರಿಸಿದಳು. ಅದರಲ್ಲಿ ಕಾರಿನ ಚಿತ್ರ. ಇಂಜಿನ್ನು, ಬ್ಯಾಟರಿ, ಚಕ್ರ. ಅವುಗಳ ನಡುವೆ ಹಸಿರು ಬಾಣಗಳು ಅತ್ತಿಂದಿತ್ತ ಓಡಾಡುತ್ತಿದ್ದವು. "ಶಕ್ತಿ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಇದ್ರಲ್ಲಿ ಕಾಣುತ್ತೆ."

ಜಹನಾರಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಬಾಣಗಳು ಬ್ಯಾಟರಿಯಿಂದ ಎದ್ದು ನೇರವಾಗಿ ಚಕ್ರಕ್ಕೆ ಹೋಗುತ್ತಿದ್ದವು. ನಡುವೆ ಯಾವ ಡಬ್ಬವೂ ಇರಲಿಲ್ಲ. ಒಂದು ಚುಕ್ಕಿಯಷ್ಟೂ ಇರಲಿಲ್ಲ.

"ಚಿಕ್ಕಮಕ್ಕಳ ಚಿತ್ರ," ಎಂದು ಮುಖ ತಿರುಗಿಸಿದಳು.

ಬೆನ್ನಿಗಾನಹಳ್ಳಿಯ ಇಳಿಜಾರಿನಲ್ಲಿ ಮುಂದಿನ ಆಟೊ ಸಟ್ಟನೆ ನಿಂತಿತು. ಪ್ರಿಯದರ್ಶಿನಿ ಜೋರಾಗಿ ಬ್ರೇಕು ಒತ್ತಿದಳು.

"ಏನ್ ಡಾಕ್ಟ್ರೇ ಅದು! ಹಂಗೆ ತುಳಿದ್ರೆ ಎಲ್ಲ ಬ್ರೇಕ್ ಪ್ಯಾಡಲ್ಲಿ ಸುಟ್ಟೋಗುತ್ತೆ, ಬ್ಯಾಟರಿಗೆ ಏನೂ ಬರಲ್ಲ. ದೂರದಿಂದ್ಲೇ ನೋಡ್ಕೊಂಡು ಮೆಲ್ಲಗೆ ಒತ್ತಿ. ಕಾಲು ಇಡಿ ಸಾಕು, ಹಿಡ್ಕೊಳ್ಳೋದು ಮೋಟಾರ್ ಹಿಡ್ಕೊಳ್ಳುತ್ತೆ. ಯಾರ್ ಕೊಟ್ರು ನಿಮ್ಗೆ ಲೈಸೆನ್ಸು?"

ಮುಂದಿನ ಸಿಗ್ನಲ್ಲಿನಲ್ಲಿ ಪ್ರಿಯದರ್ಶಿನಿ ದೂರದಿಂದಲೇ ಕಾಲಿಟ್ಟಳು. ಬಾನೆಟ್ಟಿನಡಿಯಿಂದ ಸಣ್ಣಗೆ ಇಳಿಯುವ ಸ್ವರವೊಂದು ಕೇಳಿತು. ಕಾರಿನ ಓಟವೆಲ್ಲ ಅಲೆಯಾಗಿ, ಅಲೆ ನೆಟ್ಟಗಾಗಿ, ಆರುನೂರು ಇನ್ನೂರಾಗಿ ಹಿಂದಿನ ಸೀಟಿನ ಕೆಳಗೆ ಹೋಗಿ ಸೇರುತ್ತಿತ್ತು. ಜಹನಾರಾ ಕಣ್ಣು ಮುಚ್ಚಿ ಆ ಸ್ವರ ಪೂರ್ತಿ ಇಳಿಯುವವರೆಗೆ ಕೇಳಿದಳು. ಅದರಲ್ಲಿ ಹೆಸರಿಟ್ಟು ಬೈಯಲು ಏನೂ ಸಿಗಲಿಲ್ಲ.

"ಈಗ್ ಸರಿಯಾಯ್ತಾ?" ಎಂದು ಪ್ರಿಯದರ್ಶಿನಿ ಕೇಳಿದಳು.

"ಪರ್ವಾಗಿಲ್ಲ," ಎಂದಳು ಜಹನಾರಾ. "ಹಾರ್ನ್ ಮಾತ್ರ ಜಾಸ್ತಿ ಹೊಡೀತೀರ."